ಕೊನೆಯ ರೇಡಿನ ಉಸಿರು

ಆಟಗಾರ ಬೇರೆ ತಂಡಕ್ಕೆ ಸಹಿ ಹಾಕಿದ ದಿನವೇ ಅವನ ನೆನಪೂ ನಮ್ಮೂರು ಬಿಡುತ್ತದೆ. ಈಗಿನ ಕರಾರುಗಳ ಷರತ್ತೇ ಹಾಗೆ: ಅವನ ಹೆಸರು, ಮುಖ ಎರಡೂ ನಮ್ಮ ತಲೆಯಿಂದ ಅಳಿಸಿಹೋಗುತ್ತವೆ. ಈ ಸಲ ಯಾರು ಹೋದರೋ ಗೊತ್ತಿಲ್ಲ. ಉಳಿದವರಂತೂ ಕಬಡ್ಡಿ ಆಡುವುದಕ್ಕಿಂತ ಕ್ಯಾಮೆರಾ ಮುಂದೆ ತೊಡೆ ತಟ್ಟುವುದೇ ಹೆಚ್ಚು.

ನಮ್ಮ ಗ್ಯಾಲರಿಯಲ್ಲೊಂದು ರೂಢಿಯಿದೆ. ಕೊನೆಯ ರೇಡಿಗೆ ನಮ್ಮವನು ಗೆರೆ ದಾಟಿದೊಡನೆ ನಾವೂ ಉಸಿರು ಹಿಡಿಯುತ್ತೇವೆ, ಅವನು ಮರಳಿದಾಗಲೇ ಬಿಡುತ್ತೇವೆ. ಇವತ್ತು ರೇಡಿಗೆ ಹೋದ ಹೊಸಬ ಎದುರಾಳಿಯೊಬ್ಬನನ್ನು ಮುಟ್ಟಿ ಬೇಗನೆ ಓಡಿಬಂದ. ಗೆದ್ದೆವು. ಆದರೆ ಗ್ಯಾಲರಿಯಲ್ಲಿ ಸದ್ದೇ ಇಲ್ಲ.

ಮೊದಲ ಸಲ ಆಟ ನೋಡಲು ಬಂದಿದ್ದ ನನ್ನ ಸೊಸೆ ನೀಲವ್ವ ಗಾಬರಿಯಾದಳು. “ಮಾವಾರ, ಅವ ಬಂದ್ನಲ್ರಿ! ಉಸಿರು ಬಿಡ್ರಿ!”

ನಮ್ಮ ಯಾರ ಎದೆಯೂ ಒಪ್ಪಲಿಲ್ಲ. ನಾವು ಮರೆತರೂ ಅದಕ್ಕೆ ಗೊತ್ತಿದ್ದ ಯಾರೋ ಒಬ್ಬ ಇನ್ನೂ ಗೆರೆಯಾಚೆಯೇ ಇದ್ದ.