ಮಂತ್ರವಾದಿಗೆ ನಾಲ್ಕೇ ಪಾಯಿಂಟು

ಮಗಳ ಜಾಮಿಟ್ರಿ ಬಾಕ್ಸಿನಿಂದ ಸೆಂಟ್ ರಬ್ಬರಿನ ವಾಸನೆ ಬಂದರೆ ನಾನು ಈಗಲೂ ಅದರ ಮುಚ್ಚಳ ಹಾಕಿಬಿಡುತ್ತೇನೆ.

ಎಂಬತ್ತರ ದಶಕದ ಒಂದು ಬೇಸಿಗೆ ರಜೆ. ಬನಶಂಕರಿಯ ನಮ್ಮ ಮನೆಯ ತಣ್ಣನೆಯ ರೆಡ್ ಆಕ್ಸೈಡ್ ನೆಲದ ಮೇಲೆ ನಾನು, ತಂಗಿ ವಾಸಂತಿ, ಎದುರುಮನೆಯ ಶ್ರೀಧರ ಕೂತಿದ್ದೆವು. ಶ್ರೀಧರನ ಮಾವ ಫಾರಿನ್ನಿಂದ ತಂದ ಪುಸ್ತಕ ನೋಡಿಕೊಂಡು ಆಡುವ ಆಟ. ನಾವು ಒಂದೊಂದು ಪಾತ್ರವಾಗಬೇಕು, ಶ್ರೀಧರ ಕಥೆ ಹೇಳುತ್ತಾ ಲೂಡೋ ದಾಳ ಹಾಕುತ್ತಾನೆ, ಪೆಟ್ಟು ಬಿದ್ದಷ್ಟು ಪ್ರಾಣದ ಪಾಯಿಂಟನ್ನು ನಮ್ಮ ನಮ್ಮ ಹಾಳೆಯಲ್ಲಿ ಅಳಿಸಬೇಕು. ಪಾಯಿಂಟು ಮುಗಿದರೆ ಆ ಪಾತ್ರ ಸತ್ತಂತೆ. ಹತ್ತು ಪಾಯಿಂಟಿನ ಯೋಧನನ್ನು ನಾನು ಆಗಲೇ ಆರಿಸಿಕೊಂಡಿದ್ದೆ. ಮಂತ್ರವಾದಿಗೆ ನಾಲ್ಕೇ.

“ಇದ್ಯಾವ ನ್ಯಾಯ?” ಎಂದಳು ವಾಸಂತಿ.

“ಬ್ಯಾಲೆನ್ಸ್ ಕಣೇ,” ಎಂದ ಶ್ರೀಧರ. “ಮಂತ್ರವಾದಿ ಈಗ ವೀಕು. ಉಳ್ಕೊಂಡ್ರೆ ಮುಂದೆ ಅವನೇ ಎಲ್ರಿಗಿಂತ ಸ್ಟ್ರಾಂಗು.”

“ಹಾಗಾದ್ರೆ ನಂಗೆ ಅದೇ ಇರ್ಲಿ.”

ಡಾಕ್ಟರು ಅವಳಿಗೆ ಮೆಟ್ಟಿಲು ಹತ್ತಬೇಡ ಎಂದು ಹೇಳಿ ಆಗಲೇ ವರ್ಷವಾಗಿತ್ತು.

ಕಥೆಯ ಗುಹೆಯ ಬಾಗಿಲಲ್ಲೇ ರಾಕ್ಷಸನ ಬಾಣ ಅವಳ ಮಂತ್ರವಾದಿಗೆ ತಾಕಿತು. ದಾಳದಲ್ಲಿ ಐದು ಬಿತ್ತು. ಶ್ರೀಧರ ನನ್ನ ಮುಖ ನೋಡಿದ. ಮೆಲ್ಲಗೆ ಬೆರಳಿನಿಂದ ದಾಳ ಮಗುಚಿ, “ಮೂರು” ಎಂದ.

“ಐದು ಬಿತ್ತು. ನಾನ್ ನೋಡ್ದೆ.” ವಾಸಂತಿ ತನ್ನ ಸೆಂಟ್ ರಬ್ಬರ್ ತೆಗೆದು, ಆ ನಾಲ್ಕನ್ನು ತಾನೇ ಅಳಿಸತೊಡಗಿದಳು.

ಮಾತ್ರೆ, ನೀರು ಹಿಡಿದು ಬಂದ ಅಮ್ಮ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. “ಆಟ ತಾನೇ ಪುಟ್ಟಿ, ಮೂರು ಅಂತಾನೇ ಇಟ್ಕೋಬಾರ್ದಾ?”

ವಾಸಂತಿ ಹಾಳೆಯ ಮೇಲಿನ ರಬ್ಬರಿನ ಪುಡಿ ಊದಲು ಹೋದಳು. ಉಸಿರು ಸಾಲಲಿಲ್ಲ. ಹಾಳೆಯನ್ನು ನನ್ನತ್ತ ತಳ್ಳಿ, “ನೀನೇ ಊದಣ್ಣ” ಎಂದಳು.