ತುಳಿದ ಗೋಡೆ

ಸಮುದ್ರ ಪ್ರತಿವರ್ಷವೂ ಒಂದು ಬೀದಿಯಷ್ಟು ಒಳಗೆ ಬರುತ್ತಿತ್ತು. ಅದಕ್ಕೇ ಆ ಇಂಗ್ಲಿಷ್ ಪಟ್ಟಣದವರು ವರ್ಷಕ್ಕೊಮ್ಮೆ ತಮ್ಮ ಮರದ ಚೌಕಟ್ಟಿನ ಮನೆಗಳನ್ನು ಬಿಚ್ಚಿ, ಗುಡ್ಡದ ಕಡೆಗೆ ಹೊತ್ತೊಯ್ದು, ಮತ್ತೆ ಕಟ್ಟುತ್ತಿದ್ದರು. ಓಕ್ ಕಂಬ, ತೊಲೆಗಳ ಮೇಲೆ ಉಳಿಯಿಂದ ಕೊರೆದ ಗುರುತುಗಳಿದ್ದುದರಿಂದ ಒಂದೂ ಅದಲುಬದಲಾಗುತ್ತಿರಲಿಲ್ಲ. ಗೋಡೆಯ ಮಣ್ಣನ್ನು ಮಾತ್ರ ನೆನೆಸಿ, ಹುಲ್ಲು ಬೆರೆಸಿ, ಹೊಸದಾಗಿ ತುಳಿಯಬೇಕಿತ್ತು. ತಮ್ಮ ಮನೆಯ ಮಟ್ಟಿಗೆ ಆ ಕೆಲಸ ಲಿಡಿಯಾಳದು.

ಈ ಸಲ ಕಿಟಕಿಯ ಕೆಳಗೆ ಎರಡು ಗೇಣು ಜಾಗಕ್ಕೆ ಮಣ್ಣು ಸಾಲಲಿಲ್ಲ. ಗುಡ್ಡದಲ್ಲಿ ಬರೀ ಕಲ್ಲು. ನುಗ್ಗುವ ಗಾಳಿಗೆ ತೊಟ್ಟಿಲ ಕೂಸು ಕೆಮ್ಮುತ್ತಿತ್ತು.

"ಕೊಡು, ಲಿಡಿಯಾ. ಎಲ್ಲಿಟ್ಟಿದ್ದೀಯ ಅಂತ ನಂಗೊತ್ತು," ಎಂದ ಗಂಡ ಆರ್ಥರ್, ಮೆಲ್ಲಗೆ.

ಅವಳು ಶಾಲಿನಲ್ಲಿ ಸುತ್ತಿಟ್ಟಿದ್ದ ಹಳೇ ಗೋಡೆಯ ಹೆಂಟೆಯನ್ನು ತಂದಳು. ಅದರ ಮೇಲೆ ಪುಟ್ಟ ಅಂಗೈಯ ಅಚ್ಚು. ಹೋದ ವರ್ಷ ಹಸಿ ಗೋಡೆಗೆ ಕೈ ಒತ್ತಿ ನಕ್ಕಿದ್ದ ಮಗಳು ಮೇಬಲ್ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಅವಳ ಗೋರಿಯೂ ಈಗ ನೀರಿನಡಿ.

ಲಿಡಿಯಾ ಹೆಂಟೆಯನ್ನು ಮಣ್ಣು ಕಲಸುವ ಬಾನಿಯಲ್ಲಿಟ್ಟು, ನೀರು ಸುರಿದು, ಕಣ್ಣು ಮುಚ್ಚಿ ತುಳಿದಳು. ಆ ಬೆರಳುಗಳ ಗುಳಿಗಳು ಒಂದೊಂದಾಗಿ ಮುಚ್ಚಿಹೋದದ್ದು ಅವಳ ಪಾದಕ್ಕೆ ತಿಳಿಯಿತು.

ಗೋಡೆ ಮೆತ್ತಿದ ಮೇಲೆ ಆರ್ಥರ್ ಕೂಸನ್ನೆತ್ತಿಕೊಂಡು ಬಂದ. "ಇನ್ನೂ ಹಸಿ ಇದೆ. ಇವನ ಕೈ ಒತ್ತಿಸೋಣ್ವಾ?"

"ಬೇಡ," ಎಂದಳು ಲಿಡಿಯಾ. "ಬರೋ ವರ್ಷ ಅದನ್ನೂ ನಾನೇ ತುಳೀಬೇಕಲ್ಲ."