ಮುತ್ತಜ್ಜನ ಸಾಕ್ಷಿ

ದೊರೆಗಳ ದೇಶದ ಪಾಸ್‌ಪೋರ್ಟ್ ಬೇಕೆಂದರೆ ಹಳೇ ವಸಾಹತಿನವರು ತೀರಿಹೋದ ಹಿರಿಯರನ್ನೇ ಸಾಕ್ಷಿಗೆ ಕರೆತರಬೇಕು. ಅದೇನು ದೊಡ್ಡ ಕೆಲಸ! ಕೌಂಟರಿನ ಮುಂದೆ ಎಡೆ ಇಟ್ಟರೆ ಎಂಥ ಬಿಂಕದ ಹೆಣವೂ ಎದ್ದು ಬರುತ್ತದೆ. ಬಳ್ಳಾರಿಯ ನರ್ಸ್ ಹಂಪಮ್ಮ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇಟ್ಟದ್ದೇ ತಡ, ಮುತ್ತಜ್ಜ ಹುಲುಗಪ್ಪ ಹಾಜರಾದ. ಕಲೆಕ್ಟರ್ ಬಂಗಲೆಯಲ್ಲಿ ಮೂವತ್ತು ವರ್ಷ ಹಗ್ಗ ಹಿಡಿದು ಚಾವಣಿಯ ಪಂಖಾ ಎಳೆದವನು. ಅವನೆಬ್ಬಿಸಿದ ಗಾಳಿಗೆ ದೊರೆಯ ಮೀಸೆ ಹೊಸಪೇಟೆವರೆಗೂ ಹಾರಾಡುತ್ತಿತ್ತು.

ದೊರೆಗಳ ಕಡೆಯ ಅಧಿಕಾರಿ ಹಳೇ ರಿಜಿಸ್ಟರ್ ತಿರುವಿದ. “ಹುಲುಗಪ್ಪ ಅಂತ ಯಾರೂ ಇಲ್ಲ. ಆಳುಗಳೆಲ್ಲ ಇದರಲ್ಲಿ ‘ಬಾಯ್’, ಅಂದರೆ ಹುಡುಗ, ಅಂತಲೇ ಇದ್ದಾರೆ. ನಾನು ಹಾಗೆ ಕೂಗ್ತೀನಿ. ಇವನು ‘ಜೀ ಸಾಹೇಬ್’ ಅಂದರೆ ಪಾಸ್‌ಪೋರ್ಟ್ ನಿಮ್ಮದು.”

ಹಂಪಮ್ಮನ ಕೈಯಲ್ಲಿ ಅಲ್ಲಿನ ಆಸ್ಪತ್ರೆಯ ನೇಮಕಾತಿ ಪತ್ರವಿತ್ತು. ನಾಳೆಯೇ ಕೊನೇ ದಿನ.

ಮುತ್ತಜ್ಜ ಬಜ್ಜಿ ಕೆಳಗಿಟ್ಟ. “ಅಂದುಬಿಡ್ಲೇನವ್ವಾ? ನಿನ್ನ ನೌಕರಿ ಐತಲ್ಲ.”

ಅವನ ಹೆಬ್ಬೆರಳಿನಲ್ಲಿ ಪಂಖಾದ ಹಗ್ಗ ಕೊರೆದ ಗುರುತು ಇನ್ನೂ ಬೆರಳು ತೂರುವಷ್ಟು ಆಳವಾಗಿತ್ತು.

“ಬಾಯ್!” ಅಧಿಕಾರಿ ಕೂಗಿದ.

“ಅನ್ನಬ್ಯಾಡಜ್ಜಾ,” ಅಂದಳು ಹಂಪಮ್ಮ. “ಏ ಸಾಹೇಬ, ಸತ್ತ ಮೇಲಾದ್ರೂ ಹೆಸರು ಹಿಡಿದು ಕರೀರಿ. ಆಗಲ್ಲಾಂದ್ರ ನಿಮ್ಮ ದೇಶ ನೀವಽ ಇಟ್ಕೊಂಡು ಗಾಳಿ ಬೀಸ್ಕೊಳ್ರಿ!”

ಸಾಕ್ಷಿಗೆಂದು ಎದ್ದು ಬಂದು ಕ್ಯೂನಲ್ಲಿದ್ದ ಹದಿನಾಲ್ಕು ಸಾವಿರ ಹಿರಿಯರೂ ಅದನ್ನು ಕೇಳಿಸಿಕೊಂಡರು. ಆವತ್ತು ಸಂಜೆತನಕ ಅಧಿಕಾರಿ ಗಂಟಲು ಹರಿಯುವಂತೆ “ಬಾಯ್, ಬಾಯ್” ಎಂದು ಕೂಗಿದರೂ ಒಬ್ಬರೂ ಓಗೊಡಲಿಲ್ಲ.